ಓಟದ ಟೈಮ್ ಪಕ್ಕದಲ್ಲಿ ‘ಕೈ’ ಅಂತ ಒಂದಕ್ಷರ ಹಾಕಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪ್ರೌಢಶಾಲೆ ಮಕ್ಕಳ ಕ್ರೀಡಾಕೂಟದ ಫಲಿತಾಂಶ ಬಂದಿತ್ತು. ಬಾಲಕಿಯರ 100 ಮೀಟರ್ ಓಟದ ಎದುರಿಗೆ ‘12.16 ಸೆ.’ ಎಂದು ಅಚ್ಚಾಗಿತ್ತು. ನಾನು ಆ ದಿನ ಮೈದಾನದಲ್ಲೇ ಇದ್ದೆ. ಹುಡುಗಿ ತುಂಬಾ ಚೆನ್ನಾಗಿ ಓಡಿದಳು. ಮೊದಲ ಸ್ಥಾನ ಅವಳದೇ, ಅದರಲ್ಲಿ ತಕರಾರಿಲ್ಲ. ಆದರೆ 12.16 ಅನ್ನುವ ಅಂಕಿ ಸರಿಯಿಲ್ಲ. ಅದು ಓಟ ಮುಗಿಯುವ ಗೆರೆಯ ಹತ್ತಿರ ನಿಂತಿದ್ದ ಮೇಷ್ಟ್ರೊಬ್ಬರ ಸ್ಟಾಪ್‌ವಾಚ್ ತೋರಿಸಿದ್ದು. ಪೇಪರಿನಲ್ಲಿ ಬಂದ ಮೇಲೆ ಅದೇ ಅವಳ ಟೈಮ್ ಆಗಿಬಿಡುತ್ತದೆ. ಅದನ್ನೇ ನಂಬಿಕೊಂಡು ಅವಳು ರಾಜ್ಯ ಮಟ್ಟಕ್ಕೆ ಹೋಗುತ್ತಾಳೆ. ಅಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಈ ಪತ್ರ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಸ್ಟಾಪ್‌ವಾಚ್‌ನಲ್ಲಿ ಅಳೆದ ಟೈಮ್ ಹಾಕುವಾಗ ಪಕ್ಕದಲ್ಲಿ ‘ಕೈ’ ಅಂತ ಒಂದಕ್ಷರ ಹಾಕಿ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಜಾಗ ಬೇಕು. ದಯವಿಟ್ಟು ಕೊಡಿ.

ನಾನು ಹೋದ ವರ್ಷ ನಿವೃತ್ತಳಾದ ದೈಹಿಕ ಶಿಕ್ಷಕಿ. ಟೀಚರ್ ಆಗುವುದಕ್ಕೂ ಮೊದಲು ಓಟಗಾರ್ತಿಯಾಗಿದ್ದೆ. 100 ಮತ್ತು 200 ಮೀಟರ್, ಜೊತೆಗೆ 4×100 ರಿಲೇಯಲ್ಲಿ ಮೂರನೆಯವಳಾಗಿ ಓಡುತ್ತಿದ್ದೆ. ನನ್ನ ಓಟದ ಬದುಕು ಪೂರ್ತಿ ಲೆಕ್ಕ ಹಾಕಿದರೆ ಆರು ವರ್ಷ. ಮುಗಿದಾಗ ನನಗೆ 21. ಅದು ಅಷ್ಟು ಬೇಗ ಮುಗಿಯುವ ಅಗತ್ಯ ಇರಲಿಲ್ಲ.

1985ರಲ್ಲಿ ಜಿಲ್ಲಾ ಕೂಟವೊಂದರಲ್ಲಿ ಓಡಿದೆ. ಮಣ್ಣಿನ ಟ್ರ್ಯಾಕ್. ಬೆಳಗಿನ ಜಾವವೇ ನೀರು ಹೊಡೆದು, ಸುಣ್ಣದ ಪುಡಿಯಲ್ಲಿ ಲೇನ್ ಎಳೆದಿದ್ದರು. ಸ್ಟಾರ್ಟಿಂಗ್ ಬ್ಲಾಕ್ ಎಲ್ಲಿಂದ ಬರಬೇಕು? ಕಾಲಿಡುವುದಕ್ಕೆ ನಾವೇ ನೆಲದಲ್ಲಿ ಗುಂಡಿ ತೋಡಿಕೊಳ್ಳುತ್ತಿದ್ದೆವು. ಸ್ಟಾರ್ಟರ್ ಕೈಯಲ್ಲಿ ಕ್ಲಾಪರ್. ಎರಡು ಮರದ ಹಲಗೆ ಟಪ್ ಅಂತ ಬಡಿದುಕೊಳ್ಳುತ್ತಿದ್ದವಲ್ಲ, ಅದು. ಗೆರೆಯ ಹತ್ತಿರ ಏಣಿಯ ಮೆಟ್ಟಿಲುಗಳ ಮೇಲೆ ಮೂವರು ಟೈಮ್‌ಕೀಪರ್‌ಗಳು ಕೂತಿದ್ದರು. ಎರಡು ವಾಚು 12.4, ಒಂದು 12.3. ಎರಡು ವಾಚು ಒಂದೇ ಹೇಳಿದರೆ ಅದೇ ಟೈಮ್. ಹಾಗಾಗಿ ನನ್ನ ಟೈಮ್ 12.4.

ಮಾರನೆಯ ದಿನ ಪೇಪರಿನಲ್ಲಿ ನನ್ನ ಹೆಸರು ಬಂತು. ಅಪ್ಪ ಆ ತುಂಡನ್ನು ಕತ್ತರಿಸಿ ಪಂಚಾಂಗದೊಳಗೆ ಇಟ್ಟರು. ಮನೆಗೆ ಯಾರೇ ಬಂದರೂ ಪಂಚಾಂಗ ಕೆಳಗೆ ಬರುತ್ತಿತ್ತು. ‘ನಮ್ಮ ಮಗಳು ಹನ್ನೆರಡೂ ನಾಲ್ಕು’ ಅಂತ ಹೇಳುತ್ತಿದ್ದರು. ನನ್ನ ಜಾತಕ ಯಾವ ನಕ್ಷತ್ರ ಅಂತ ಹೇಳುವ ಹಾಗೆ.

ಆಮೇಲೆ ಕೆಲವು ತಿಂಗಳಿಗೆ ಹೊರ ರಾಜ್ಯದ ಒಂದು ದೊಡ್ಡ ಕೂಟಕ್ಕೆ ಹೋದೆ. ಮೊದಲ ಸಲ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಕಾಲಿಟ್ಟೆ. ಸ್ಪೈಕ್ಸ್ ನೆಲ ಕಚ್ಚಿ ಬಿಡುವಾಗ ಪಾದಕ್ಕೆ ಏನೋ ಒಂದು ಚಿಮ್ಮುವ ಭಾವನೆ. ಮಣ್ಣಿನಲ್ಲಿ ಅದು ಇರುವುದೇ ಇಲ್ಲ. ಇಲ್ಲಿ 12.2 ಬರುತ್ತದೆ ಅಂತ ಅಂದುಕೊಂಡೆ. ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟ, ಮುಗಿದ ಮೇಲೆ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ 12.71 ಅಂತ ಬಂತು. ನಾನು ಆರನೆಯವಳು.

ಯಾರದೋ ಟೈಮ್ ನನಗೆ ಬರೆದಿದ್ದಾರೆ ಅಂದುಕೊಂಡು ಮೇಜಿನ ಹತ್ತಿರ ಹೋಗಿ ಕೇಳಿದೆ. ಅಲ್ಲಿದ್ದವರು ಗೆರೆ ದಾಟುವಾಗ ಕ್ಯಾಮೆರಾ ತೆಗೆದ ಫೋಟೊ ತೋರಿಸಿದರು. ನನ್ನ ಎದೆಯ ನಂಬರ್ ಸ್ಪಷ್ಟವಾಗಿ ಕಾಣುತ್ತಿತ್ತು.

ನಮ್ಮನ್ನು ಕರೆದುಕೊಂಡು ಹೋಗಿದ್ದ ಕೋಚ್ ಅಂದರು, ‘ಹಾಸ್ಟೆಲ್ ಊಟ ತಿಂದು ದಪ್ಪ ಆಗಿದ್ದೀಯಮ್ಮ, ಮೈಗಳ್ಳತನ ಬಂದಿದೆ.’ ಅವರು ಕೆಟ್ಟವರಲ್ಲ. ಅವರಿಗೂ ಗೊತ್ತಿರಲಿಲ್ಲ. ನಾನೂ ನಂಬಿದೆ. ಮೂವತ್ತೊಂದು ನೂರಾಂಶ ನಿಧಾನ ಆಗಿದ್ದೇನೆ ಅಂದರೆ ಎಲ್ಲೋ ತಪ್ಪಾಗಿದೆ ಅಂತಲೇ ಅರ್ಥ, ಅಲ್ವಾ? ರಾತ್ರಿ ಮುದ್ದೆ ಬಿಟ್ಟೆ. ಬೆಳಿಗ್ಗೆ ಒಂದು ಹೊತ್ತು ಇದ್ದ ಅಭ್ಯಾಸ ಎರಡು ಹೊತ್ತಾಯಿತು. ಊರ ಹೊರಗಿನ ದಿಣ್ಣೆ ಹತ್ತಿ ಓಡಿದೆ, ವಾರಕ್ಕೆ ನಾಲ್ಕು ದಿನ. ಬಿಡುವು ಅನ್ನುವುದೇ ಇರಲಿಲ್ಲ. ತೊಡೆಯ ಹಿಂದೆ ಬಿಗಿತ ಶುರುವಾಯಿತು. ಹರಳೆಣ್ಣೆ ತಿಕ್ಕಿಕೊಂಡು ಓಡಿದೆ.

ಒಂದು ಸಂಜೆ ಅರವತ್ತು ಮೀಟರ್ ದಾಟುವ ಹೊತ್ತಿಗೆ ಎಡ ತೊಡೆಯ ಹಿಂದೆ ಯಾರೋ ಕಲ್ಲು ಹೊಡೆದ ಹಾಗಾಯಿತು. ನಿಜವಾಗಿಯೂ ಹಿಂದೆ ತಿರುಗಿ ನೋಡಿದೆ, ಯಾರು ಹೊಡೆದರು ಅಂತ. ಯಾರೂ ಇರಲಿಲ್ಲ. ಮುಂದಿನ ಹೆಜ್ಜೆಗೆ ಕಾಲು ಬರಲಿಲ್ಲ. ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹರಿದಿತ್ತು. ಮೂರು ದಿನಕ್ಕೆ ತೊಡೆಯ ಹಿಂದೆ ನೇರಳೆ ಬಣ್ಣ ಇಳಿದು ಮೊಣಕಾಲಿನವರೆಗೂ ಬಂತು. ಆರು ವಾರ ಮಲಗಬೇಕಿತ್ತು, ನಾನು ನಾಲ್ಕನೇ ವಾರಕ್ಕೇ ಎದ್ದು ಓಡಿದೆ. ಎರಡನೇ ಸಲ ಅದೇ ಜಾಗ ಹರಿಯಿತು. ಅಲ್ಲಿಗೆ ಮುಗಿಯಿತು.

ಎರಡು ವರ್ಷ ಕಳೆದು ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಓದುತ್ತಿದ್ದಾಗ ಒಂದು ದಿನ ಪಾಠದಲ್ಲಿ ಟೈಮಿಂಗ್ ವಿಷಯ ಬಂತು. ಮೇಷ್ಟ್ರು ಬೋರ್ಡಿನ ಮೇಲೆ 0.24 ಅಂತ ಬರೆದರು. 100 ಮತ್ತು 200 ಮೀಟರ್ ಓಟದಲ್ಲಿ ಕೈವಾಚಿನ ಟೈಮನ್ನು ಎಲೆಕ್ಟ್ರಾನಿಕ್ ಟೈಮ್ (ಗುಂಡಿನ ಜೊತೆ ತಾನೇ ಶುರುವಾಗಿ, ಗೆರೆಯ ಕ್ಯಾಮೆರಾ ಹಿಡಿಯುವ ಟೈಮ್) ಜೊತೆ ಹೋಲಿಸಬೇಕಾದರೆ ಇಷ್ಟು ಕೂಡಿಸಬೇಕು, 400 ಮೀಟರಿಗೆ 0.14 ಅಂದರು. ನಾನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಕ್ಕ ಹಾಕಿದೆ. 12.4ಕ್ಕೆ 0.24 ಕೂಡಿಸಿದರೆ 12.64. ನಾನು ಆ ಕೂಟದಲ್ಲಿ ಎಲೆಕ್ಟ್ರಾನಿಕ್‌ನಲ್ಲಿ ಓಡಿದ್ದು 12.71. ವ್ಯತ್ಯಾಸ ಬರೀ ಏಳು ನೂರಾಂಶ. ಆ ದಿನ ಎದುರುಗಾಳಿ ಇತ್ತು, ಹೊಸ ಜಾಗ, ಎದೆ ಹೊಡೆದುಕೊಳ್ಳುತ್ತಿತ್ತು. ನಾನು ನಿಧಾನ ಆಗಿರಲೇ ಇಲ್ಲ. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ. ಅಪ್ಪ ಇಟ್ಟಿದ್ದ ಪೇಪರ್ ತುಂಡಿನ ಜೊತೆಗೇ ಇದೆ.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ನಿಮ್ಮ ಓದುಗರಿಗೆ ಹೇಳಬೇಕು. ಟೈಮ್‌ಕೀಪರ್ ಮೋಸ ಮಾಡುತ್ತಾರೆ ಅಂತ ದಯವಿಟ್ಟು ಯಾರೂ ತಿಳಿಯಬೇಡಿ. ಮೂವತ್ತು ವರ್ಷ ನಾನೇ ಆ ಕೆಲಸ ಮಾಡಿದ್ದೇನೆ. ಸ್ಟಾರ್ಟರ್ ನೂರು ಮೀಟರ್ ದೂರದಲ್ಲಿರುತ್ತಾರೆ. ಪಿಸ್ತೂಲಿನ ಹೊಗೆ ಅಥವಾ ಕ್ಲಾಪರ್ ಮುಚ್ಚುವುದನ್ನು ಕಣ್ಣಿನಿಂದ ನೋಡಿ ವಾಚು ಒತ್ತಬೇಕು. ಎಷ್ಟೇ ಚುರುಕಿನ ಮನುಷ್ಯನಾದರೂ ಕಣ್ಣು ಕಂಡಿದ್ದು ಹೆಬ್ಬೆರಳಿಗೆ ತಲುಪಲು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟು ಹೊತ್ತಿಗೆ ಮಕ್ಕಳು ಆಗಲೇ ಎದ್ದಿರುತ್ತಾರೆ. ಓಟ ಮುಗಿಯುವ ಕಡೆ ಹಾಗಲ್ಲ. ಹುಡುಗಿ ಬರುತ್ತಿರುವುದು ಕಾಣುತ್ತಿರುತ್ತದೆ, ಎದೆ ಗೆರೆಗೆ ಬರುವ ಕ್ಷಣ ಮೊದಲೇ ಗೊತ್ತಾಗುತ್ತದೆ, ಹೆಬ್ಬೆರಳು ಸರಿಯಾಗಿ ಒತ್ತುತ್ತದೆ. ಅಂದರೆ ವಾಚು ತಡವಾಗಿ ಶುರುವಾಗಿ, ಸರಿಯಾದ ಹೊತ್ತಿಗೆ ನಿಲ್ಲುತ್ತದೆ. ಮಧ್ಯದ ಟೈಮ್ ಮಾಯ.

ಇನ್ನು ವಿಸಿಲ್ ಊದಿ ಓಟ ಬಿಡುವ ಕಡೆ ಇದಕ್ಕಿಂತ ಜಾಸ್ತಿ ತೊಂದರೆ. ವಿಸಿಲ್‌ನಲ್ಲಿ ನೋಡುವುದಕ್ಕೆ ಏನೂ ಇಲ್ಲ, ಕೇಳಿಯೇ ಒತ್ತಬೇಕು. ಸದ್ದು ನೂರು ಮೀಟರ್ ಬರುವುದಕ್ಕೆ ಸುಮಾರು 0.29 ಸೆಕೆಂಡ್ ಬೇಕು. ಕೈ ತಡ ಮಾಡುವುದು ಅದರ ಮೇಲೆ.

ಸೆಕೆಂಡಿನ ಕಾಲು ಭಾಗ ಏನು ಮಹಾ ಅಂತ ಕೇಳಬಹುದು. ಹನ್ನೆರಡೂವರೆ ಸೆಕೆಂಡಿನಲ್ಲಿ ನೂರು ಮೀಟರ್ ಓಡುವ ಹುಡುಗಿ 0.24 ಸೆಕೆಂಡಿನಲ್ಲಿ ಹತ್ತಿರ ಹತ್ತಿರ ಎರಡು ಮೀಟರ್ ಓಡುತ್ತಾಳೆ. ಒಂದು ಮಂಚದ ಉದ್ದ. ಪಿ.ಟಿ. ಉಷಾ 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಪದಕ ಕಳೆದುಕೊಂಡಿದ್ದು ಎಷ್ಟರಲ್ಲಿ? ಮೂರನೆಯವಳು ರುಮೇನಿಯಾದ ಕೊಜೊಕಾರು 55.41, ನಮ್ಮ ಉಷಾ 55.42. ಒಂದು ನೂರಾಂಶ. ನಾನು ಮಕ್ಕಳಿಗೆ ಇದನ್ನು ಹೇಳುವಾಗ ಯಾವತ್ತೂ ಬೋರ್ಡಿನ ಮೇಲೆ ಎರಡೂ ಅಂಕಿಯನ್ನು ಒಂದರ ಕೆಳಗೆ ಒಂದು ಬರೆಯುತ್ತಿದ್ದೆ. ಕೈವಾಚಾಗಿದ್ದರೆ ಇಬ್ಬರಿಗೂ ಒಂದೇ ಟೈಮ್ ಬರುತ್ತಿತ್ತು.

ಮಿಲ್ಖಾ ಸಿಂಗ್ ಅವರ ವಿಷಯ ಇನ್ನೂ ಚೆನ್ನಾಗಿ ಅರ್ಥ ಮಾಡಿಸುತ್ತದೆ. 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಫೈನಲ್‌ನಲ್ಲಿ ಅವರು ನಾಲ್ಕನೆಯವರಾಗಿ ಬಂದರು. ಆ ಓಟಕ್ಕೆ ಎರಡು ಟೈಮ್ ಇದೆ. ಕೈವಾಚಿನಲ್ಲಿ 45.6, ಎಲೆಕ್ಟ್ರಾನಿಕ್‌ನಲ್ಲಿ 45.73. ಮುಂದೆ 38 ವರ್ಷ ಯಾವ ಭಾರತೀಯನೂ ಅದನ್ನು ದಾಟಲಿಲ್ಲ. 1998ರಲ್ಲಿ ಕೋಲ್ಕತ್ತದಲ್ಲಿ ಪರಮ್‌ಜೀತ್ ಸಿಂಗ್ 45.70 ಓಡಿದರು. ಬರೀ 45.6 ಅಂತ ತಲೆಯಲ್ಲಿ ಇಟ್ಟುಕೊಂಡವರಿಗೆ ಪರಮ್‌ಜೀತ್ ಹಿಂದೆ ಬಿದ್ದ ಹಾಗೆ ಕಾಣುತ್ತದೆ. 45.73 ಗೊತ್ತಿದ್ದವರಿಗೆ ಅದು ಹೊಸ ದಾಖಲೆ. ಯಾವ ವಾಚು ಅಂತ ಗೊತ್ತಿಲ್ಲದೆ ಹೋದರೆ ದೇಶದ ದೊಡ್ಡ ಓಟಗಾರರ ಲೆಕ್ಕವೇ ತಿರುಗುಮುರುಗಾಗುತ್ತದೆ. ಹಳ್ಳಿ ಹುಡುಗಿಯ ಗತಿ ಏನು?

ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ 1977ರಿಂದಲೇ 400 ಮೀಟರ್‌ವರೆಗಿನ ವಿಶ್ವ ದಾಖಲೆಗೆ ಕೈವಾಚಿನ ಟೈಮ್ ಒಪ್ಪುವುದನ್ನು ನಿಲ್ಲಿಸಿತು. ಕೈವಾಚಿಗೆ ಒಂದು ನಿಯಮವೂ ಇದೆ. ಈಗಿನ ಡಿಜಿಟಲ್ ಸ್ಟಾಪ್‌ವಾಚ್ ನೂರಾಂಶ ತೋರಿಸುತ್ತದೆ, ನಿಜ. ಆದರೆ ಅದನ್ನು ಹಾಗೇ ಬರೆಯುವ ಹಾಗಿಲ್ಲ. ಮುಂದಿನ ದಶಾಂಶಕ್ಕೆ ಏರಿಸಬೇಕು. ವಾಚಿನಲ್ಲಿ 12.16 ಬಂದರೆ ಫಲಿತಾಂಶದ ಹಾಳೆಯಲ್ಲಿ 12.2 ಅಂತಲೇ ಬರೆಯಬೇಕು. 12.11 ಬಂದರೂ 12.2ಯೇ. ಹಾಗಾಗಿ ಬಿಂದುವಿನ ನಂತರ ಒಂದೇ ಅಂಕಿ ಇದ್ದರೆ ಕೈವಾಚು, ಎರಡು ಅಂಕಿ ಇದ್ದರೆ ಎಲೆಕ್ಟ್ರಾನಿಕ್. ಗೊತ್ತಿರುವವರು ಹಾಗೆ ಓದುತ್ತಾರೆ. ನಿಮ್ಮ ಪುಟದಲ್ಲಿ 12.16 ಅಂತ ಬಂದಾಗ ಬೆಂಗಳೂರಿನಲ್ಲಿ ಕೂತ ಕೋಚ್ ಅದನ್ನು ಎಲೆಕ್ಟ್ರಾನಿಕ್ ಅಂತಲೇ ತಿಳಿಯುತ್ತಾರೆ. ನಮ್ಮ ಹುಡುಗಿಯ ನಿಜವಾದ ಲೆಕ್ಕ 12.2ಕ್ಕೆ 0.24 ಕೂಡಿಸಿದರೆ 12.44. ಅದೂ ಆ ವಯಸ್ಸಿಗೆ ಚೆನ್ನಾದ ಟೈಮೇ. ಹೆಮ್ಮೆಪಡಬೇಕಾದ ಟೈಮ್.

ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಒಬ್ಬ ಹುಡುಗಿಗೆ ನನಗಾದದ್ದೇ ಆಗುವುದರಲ್ಲಿತ್ತು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಜಿಲ್ಲಾ ಕೂಟದಲ್ಲಿ ಅವಳು ಗೆದ್ದಳು, ಪೇಪರಿನಲ್ಲಿ 12.13 ಅಂತ ಬಂತು. ಗ್ರಾಮ ಪಂಚಾಯಿತಿಯವರು ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕೂಡ ಬಿತ್ತು, ಅದರ ಮೇಲೂ 12.13. ಆಮೇಲೆ ರಾಜ್ಯ ಕೂಟ. ಎಲೆಕ್ಟ್ರಾನಿಕ್ ಟೈಮಿಂಗ್, 12.58, ಐದನೇ ಸ್ಥಾನ. ವಾಪಸ್ ಬಂದಾಗ ಫ್ಲೆಕ್ಸ್ ಇನ್ನೂ ಅಲ್ಲೇ ಇತ್ತು. ಅದರ ಕೆಳಗೆ ನಿಂತ ಹುಡುಗರು, ‘ಊರಲ್ಲಿ ಹುಲಿ, ಬೆಂಗಳೂರಲ್ಲಿ ಇಲಿ’ ಅಂದರಂತೆ. ಹತ್ತು ದಿನ ಅವಳು ಮೈದಾನಕ್ಕೆ ಬರಲಿಲ್ಲ. ನಾನೇ ಮನೆಗೆ ಹೋದೆ. ಅವಳ ತಾಯಿ ಹೇಳಿದ ಒಂದು ಮಾತಿಗೆ ನನ್ನ ಎದೆ ಧಸಕ್ ಅಂತು. ‘ರಾತ್ರಿ ಊಟ ಬಿಟ್ಟಿದ್ದಾಳೆ ಮೇಡಂ, ತೂಕ ಇಳಿಸಬೇಕಂತೆ.’

ಮಾರನೆಯ ದಿನ ಸಂಜೆ ಅವಳನ್ನು ಮೈದಾನಕ್ಕೆ ಕರೆದುಕೊಂಡು ಬಂದೆ. ಓಡಿಸಲಿಲ್ಲ. ಅವಳ ಕೈಗೆ ಒಂದು ಸ್ಟಾಪ್‌ವಾಚ್ ಕೊಟ್ಟೆ, ನಾನೊಂದು ಇಟ್ಟುಕೊಂಡೆ. ಇಬ್ಬರೂ ಗೆರೆಯ ಹತ್ತಿರ ನಿಂತೆವು. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಓಡಬೇಕು, ಇನ್ನೊಬ್ಬ ಆ ತುದಿಯಲ್ಲಿ ಕ್ಲಾಪರ್ ಬಡಿಯಬೇಕು. ‘ನೀನು ಕಣ್ಣು ಮುಚ್ಚಿಕೋ, ಸದ್ದು ಕೇಳಿಯೇ ಒತ್ತು, ಆಮೇಲೆ ಕಣ್ಣು ಬಿಡು’ ಅಂದೆ. ನಾನು ಹಲಗೆ ಮುಚ್ಚುವುದನ್ನು ನೋಡಿ ಒತ್ತಿದೆ. ಹುಡುಗ ಬಂದ. ನನ್ನ ವಾಚಿನಲ್ಲಿ 13.41, ಅವಳ ವಾಚಿನಲ್ಲಿ 13.12. ಇನ್ನೊಂದು ಸಲ ಓಡಿಸಿದೆವು. ಮತ್ತೆ ಅಷ್ಟೇ ಅಂತರ. ಆ ಹುಡುಗ ಮೂರನೇ ಸಲ ಓಡುವಷ್ಟು ಹೊತ್ತಿಗೆ ಸುಸ್ತಾಗಿದ್ದ, ಪಾಪ. ಅವಳು ಎರಡೂ ವಾಚನ್ನು ಅಕ್ಕಪಕ್ಕ ಹಿಡಿದುಕೊಂಡು ತುಂಬಾ ಹೊತ್ತು ನೋಡಿದಳು.

‘ಹಂಗಾದ್ರೆ ಮೇಡಂ, ನಾನು ಯಾವತ್ತೂ ಹನ್ನೆರಡೂ ಹದಿಮೂರು ಓಡೇ ಇರ್ಲಿಲ್ವಾ?’

‘ನೀನು ಸರಿಯಾಗೇ ಓಡಿದ್ದೆ ಕಣೆ. ವಾಚು ತಡವಾಗಿ ಶುರುವಾಗಿತ್ತು.’

ಅಳಲಿಲ್ಲ. ‘ಅಂದ್ರೆ ನಾನು ನಿಧಾನ ಆಗಿಲ್ಲ’ ಅಂದಳು. ಅದೇ ಮಾತನ್ನು ನಾನು ನೋಟ್‌ಬುಕ್ಕಿನ ಕೊನೆಯ ಹಾಳೆ ನೋಡಿಕೊಂಡು ಅಂದುಕೊಂಡಿದ್ದೆ. ಆದರೆ ಆಗ ನನ್ನ ಕಾಲು ಹೋಗಿತ್ತು, ಇವಳ ಕಾಲು ಚೆನ್ನಾಗಿತ್ತು. ಅವತ್ತು ರಾತ್ರಿ ಅವಳು ಊಟ ಮಾಡಿದಳು ಅಂತ ತಾಯಿ ಫೋನ್ ಮಾಡಿ ಹೇಳಿದರು. ಈಗ ಪಿಯುಸಿ ಎರಡನೇ ವರ್ಷ. ಇನ್ನೂ ಓಡುತ್ತಿದ್ದಾಳೆ. ಮೊನ್ನೆ ಎಲೆಕ್ಟ್ರಾನಿಕ್‌ನಲ್ಲಿ 12.39 ಓಡಿದಳು. ಫ್ಲೆಕ್ಸಿನ ಅಂಕಿಗಿಂತ ಅದು ಜಾಸ್ತಿ, ಆದರೆ ಅವಳ ಬದುಕಿನಲ್ಲೇ ಅದು ಅತಿ ವೇಗದ ಓಟ ಅಂತ ಅವಳಿಗೆ ಗೊತ್ತು.

ಎಲ್ಲಾ ತಾಲ್ಲೂಕಿಗೂ ಎಲೆಕ್ಟ್ರಾನಿಕ್ ಯಂತ್ರ ಕೊಡಿ ಅಂತ ನಾನು ಕೇಳುತ್ತಿಲ್ಲ. ಕೊಟ್ಟರೆ ಸಂತೋಷ. ಎಷ್ಟೋ ಕಡೆ ಸರಿಯಾದ ಮೈದಾನವೇ ಇಲ್ಲ. ಮೂರು-ನಾಲ್ಕು-ಐದರ ಲೆಕ್ಕದಲ್ಲಿ ಹಗ್ಗ ಹಿಡಿದು ಮೂಲೆ ಕೂಡಿಸಿ, 1.22 ಮೀಟರ್ ಅಗಲಕ್ಕೆ ಲೇನ್ ಎಳೆಯುವಷ್ಟರಲ್ಲಿ ಪಿ.ಟಿ. ಮೇಷ್ಟ್ರುಗಳ ಸೊಂಟ ಬಿದ್ದು ಹೋಗಿರುತ್ತದೆ. ಅವರ ಕೆಲಸದ ಬಗ್ಗೆ ನನಗೆ ಪೂರ್ತಿ ಗೌರವ ಇದೆ. ಕೈವಾಚಿನ ಟೈಮ್ ಸುಳ್ಳಲ್ಲ. ಅದು ಬೇರೆ ಅಳತೆ, ಅಷ್ಟೇ. ಪಾವು ಸೇರಿನಲ್ಲಿ ಅಳೆದದ್ದನ್ನು ಕಿಲೋ ಅಂತ ಬರೆದರೆ ಅಂಗಡಿಯವನು ಒಪ್ಪುತ್ತಾನಾ?

ಇನ್ನೊಂದು ವಿಷಯವೂ ಇದೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ ಕೂಟಗಳಲ್ಲಿ ಮಗು ಫಾಲ್ಸ್ ಸ್ಟಾರ್ಟ್ ಮಾಡಿದರೆ, ಅಂದರೆ ಸದ್ದಿಗೆ ಮೊದಲೇ ಹೊರಟುಬಿಟ್ಟರೆ, ‘ಹೋಗಲಿ ಬಿಡಿ, ಇನ್ನೊಂದು ಸಲ’ ಅಂತ ಬಿಡುತ್ತೇವೆ. ದೊಡ್ಡ ಕೂಟಗಳಲ್ಲಿ 2010ರಿಂದ ಒಂದೇ ತಪ್ಪಿಗೆ ಹೊರಗೆ. ಬ್ಲಾಕಿನಲ್ಲಿ ಸೆನ್ಸರ್ ಇದ್ದರೆ ಗುಂಡು ಹಾರಿ 0.1 ಸೆಕೆಂಡಿನೊಳಗೆ ಒತ್ತಿದರೂ ಫಾಲ್ಸ್ ಸ್ಟಾರ್ಟ್. ನಮ್ಮ ಪ್ರೀತಿಯ ಸಡಿಲಿಕೆ ಮಕ್ಕಳಿಗೆ ಅಲ್ಲಿ ಹೊರೆಯಾಗುತ್ತದೆ.

ನಮ್ಮ ರಾಜ್ಯಕ್ಕೆ ವೇಗದ ಓಟ ಹೊಸದಲ್ಲ. ಕೆನೆತ್ ಪೊವೆಲ್ 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದರು. ಕೊಡಗಿನ ಅಶ್ವಿನಿ ನಾಚಪ್ಪ ಪಿ.ಟಿ. ಉಷಾ ಅವರನ್ನೇ ಎರಡು ಸಲ ಹಿಂದೆ ಹಾಕಿದರು, 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು, ಆಮೇಲೆ ಗೋಣಿಕೊಪ್ಪಲಿನಲ್ಲಿ ಮಕ್ಕಳಿಗಾಗಿ ಕ್ರೀಡಾ ಶಾಲೆ ಕಟ್ಟಿದರು. ವಂದನಾ ರಾವ್ 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ 4×400 ರಿಲೇ ಚಿನ್ನದ ತಂಡದಲ್ಲಿದ್ದರು. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮಣಿಕಂಠ ಹೋಬಳಿದಾರ್ 100 ಮೀಟರನ್ನು 10.23ರಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದಾಗ, ಹಳೆಯ ದಾಖಲೆ 10.25 ಇತ್ತು. ಎರಡು ನೂರಾಂಶ. ಸ್ಟಾಪ್‌ವಾಚಿಗೆ ಅದು ಕಾಣಿಸುವುದೇ ಇಲ್ಲ. ಜಿಲ್ಲಾ ಪುಟ ಓದಿ ಬೆಳೆಯುವ ಮಕ್ಕಳಲ್ಲೂ ಇಂಥವರು ಇರುತ್ತಾರೆ. ಒಬ್ಬ ಓಟಗಾರ್ತಿಗೆ ಸಿಗುವುದೇ ಎಂಟೋ ಹತ್ತೋ ವರ್ಷ. ಅದರಲ್ಲಿ ಎರಡು ವರ್ಷ ಇಲ್ಲದ ನಿಧಾನವನ್ನು ಅಟ್ಟಿಸಿಕೊಂಡು ಹೋಗುವುದರಲ್ಲಿ ಕಳೆಯಬಾರದು.

ಹಾಗಾಗಿ ನಿಮ್ಮ ವರದಿಗಾರರಿಗೆ ಒಂದು ಮಾತು ಹೇಳಿ. ಫಲಿತಾಂಶದ ಹಾಳೆ ತೆಗೆದುಕೊಳ್ಳುವಾಗ ‘ಇದು ಯಾವ ಟೈಮಿಂಗ್?’ ಅಂತ ಕೇಳಲಿ. ಕೈವಾಚಾದರೆ 12.2 (ಕೈ) ಅಂತ ಬರೆಯಲಿ. ವಾಚಿನಲ್ಲಿ ಕಂಡ ಎರಡು ಅಂಕಿಯನ್ನು ಹಾಗೇ ಇಳಿಸಿಕೊಳ್ಳುವುದು ಬೇಡ. ಪುಟದ ಮೂಲೆಯಲ್ಲಿ ಒಂದು ಸಲ, ‘ಕೈ ಅಂದರೆ ಸ್ಟಾಪ್‌ವಾಚ್ ಟೈಮಿಂಗ್, ಎಲೆಕ್ಟ್ರಾನಿಕ್ ಜೊತೆ ಹೋಲಿಸಲು 100, 200 ಮೀಟರಿಗೆ 0.24, 400 ಮೀಟರಿಗೆ 0.14 ಸೆಕೆಂಡ್ ಕೂಡಿಸಿ’ ಅಂತ ಹಾಕಿದರೆ ಸಾಕು, ಅಪ್ಪ ಅಮ್ಮಂದಿರಿಗೂ ಅರ್ಥವಾಗುತ್ತದೆ.

12.16 ಅಂತ ಅಚ್ಚಾದ ಹುಡುಗಿ ಮುಂದಿನ ತಿಂಗಳು ರಾಜ್ಯ ಕೂಟಕ್ಕೆ ಹೋಗುತ್ತಾಳೆ. ಅವಳು ಬೇರೆ ಶಾಲೆಯವಳು, ನನಗೆ ಪರಿಚಯ ಇಲ್ಲ. ಅವಳ ಪಿ.ಟಿ. ಮೇಷ್ಟ್ರಿಗೆ ಫೋನ್ ಮಾಡಿ 12.44ರ ಲೆಕ್ಕ ಹೇಳಿದ್ದೇನೆ, ಅವಳಿಗೆ ತಿಳಿಸುತ್ತೇನೆ ಅಂದಿದ್ದಾರೆ. ನೀವೂ ಅದಕ್ಕೆ ಮೊದಲು ಒಂದು ಸಾಲಿನ ತಿದ್ದುಪಡಿ ಹಾಕಿದರೆ ಅವಳ ಮನೆಯಲ್ಲೂ ಅದನ್ನು ಕತ್ತರಿಸಿ ಎತ್ತಿಡುತ್ತಾರೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕಿ,
ಅರಕಲಗೂಡು, ಹಾಸನ ಜಿಲ್ಲೆ